ಅಯ್ಯನವರು ಬರುತ್ತಾರೆ ಬಿಡು

ಸಾರಮ್ಮ ಸತ್ತದ್ದು ಕಾಯಿಲೆಯಿಂದ. ಒಬ್ಬಳೇ ಸತ್ತದ್ದು ನಮ್ಮಿಂದ. ಆ ನಮ್ಮಲ್ಲಿ ಮೊದಲನೆಯವಳು ನಾನು. ಇದನ್ನು ಬೇರೆ ಥರ ಹೇಳುವವರು ಗುಂಡ್ಲುಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಮಾತು ನಂಬಬೇಡಿ.

ಉಡಿಗಾಲ ಬಿಟ್ಟು ಇಲ್ಲಿಗೆ ಬಂದು ಮೂರು ವರ್ಷ ಆಯಿತು. ಅಳಿಯ ತೀರಿಹೋದ, ಮಗಳು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು, ಅವಳ ಎರಡು ಮಕ್ಕಳನ್ನು ನೋಡಿಕೊಳ್ಳಲು ನಾನು ಬಂದೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಅಷ್ಟೆ. ಆದರೆ ಮೊದಲ ಭಾನುವಾರ ಇಲ್ಲಿನ ಚರ್ಚಿಗೆ ಹೋದಾಗ ದೇಶ ಬಿಟ್ಟು ಬಂದಂತೆ ಆಯಿತು. ಅಯ್ಯನವರು, ಅಂದರೆ ಪಾಸ್ಟರು, ಅವರೇ ಗಂಟೆ ಹೊಡೆದರು, ಅಯ್ಯನವರು ವಾಕ್ಯ ಓದಿದರು, ಅಯ್ಯನವರು ಹಾಡು ಎತ್ತಿದರು, ಕೊನೆಗೆ ಮೈಕಿನ ವೈರು ಸುತ್ತಿಟ್ಟವರೂ ಅಯ್ಯನವರೇ. ಮಿಕ್ಕ ನಾವೆಲ್ಲ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರ ಹಾಗೆ ಕೂತಿದ್ದೆವು.

ಊರಿನಲ್ಲಿ ನಮಗೆ ಅಯ್ಯನವರು ಬರುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ, ರೊಟ್ಟಿ ದ್ರಾಕ್ಷಾರಸ ಕೊಡುವುದಕ್ಕೆ. ಮಿಕ್ಕ ದಿನ ಪ್ರಾರ್ಥನಾ ಮನೆಯ ಬೀಗದ ಕೈ ಹದಿನಾಲ್ಕು ಮನೆ ಸುತ್ತುತ್ತಿತ್ತು. ಕೈ ಯಾರ ಮನೆಯಲ್ಲಿದೆಯೋ ಆ ವಾರ ಅವರೇ ಕಸ ಗುಡಿಸಬೇಕು, ಅವರೇ ಪ್ರಾರ್ಥನೆ ನಡೆಸಬೇಕು, ಯಾರಾದರೂ ಹಾಸಿಗೆ ಹಿಡಿದಿದ್ದರೆ ಅವರೇ ಹೋಗಿ ಪಕ್ಕದಲ್ಲಿ ಕೂರಬೇಕು. ನಾನು ಮೂರನೇ ಕ್ಲಾಸು. ವಾಕ್ಯವನ್ನು ತಪ್ಪು ತಪ್ಪಾಗಿ ಓದಿದ್ದೇನೆ, ಯಾರೂ ನಕ್ಕಿಲ್ಲ. ಅವರ ವಾರವೂ ಬರುತ್ತಿತ್ತಲ್ಲ. ಅಲ್ಲಿ ಎಲ್ಲರೂ ದೇವದೂತರು ಎಂದು ಹೇಳುತ್ತಿಲ್ಲ. ನನ್ನ ಓರಗಿತ್ತಿಗೆ ತನ್ನ ವಾರ ಬಂದಾಗಲೇ ಸರಿಯಾಗಿ ಸೊಂಟ ಹಿಡಿಯುತ್ತಿತ್ತು.

ಇಲ್ಲಿ ನಮ್ಮದು ಸಾಲುಮನೆ. ಗೋಡೆಯ ಆಚೆ ಸಾರಮ್ಮ, ವಯನಾಡಿನ ಕಡೆಯವಳು, ಒಂಟಿ, ನಮ್ಮ ಚರ್ಚಿಗೇ ಬರುತ್ತಿದ್ದವಳು. ನನ್ನನ್ನು ಚೇಚಿ ಎನ್ನುತ್ತಿದ್ದಳು, ಅಂದರೆ ಅಕ್ಕ. ಅವಳ ಕೊಬ್ಬರಿ ಎಣ್ಣೆಯ ಅಡುಗೆ ನನಗೆ ಇಳಿಯಲಿಲ್ಲ, ನನ್ನ ಮುದ್ದೆ ಅವಳಿಗೆ ಇಳಿಯಲಿಲ್ಲ.

“ಅಗೀಬಾರ್ದು ಕಣಮ್ಮಿ, ನುಂಗು.”

“ನುಂಗೋದು ಮಾತ್ರೆ ಚೇಚಿ. ಊಟ ಅಲ್ಲ.”

ಅವಳಿಂದ ಕಲಿತ ಮಾತು ಕೂಟ್ಟಿರಿಪ್ಪ್. ರೋಗಿಯ ಪಕ್ಕದಲ್ಲಿ ಜೊತೆಗೆಂದು ಸುಮ್ಮನೆ ಕೂರುವುದು. ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರೇ ಇದೆ. ನಮ್ಮೂರಿನಲ್ಲಿ ಹೆಸರಿರಲಿಲ್ಲ, ಕೆಲಸ ಇತ್ತು.

ಬಂದ ಹೊಸದರಲ್ಲಿ ಚರ್ಚಿನ ಒಬ್ಬ ಬಾಣಂತಿಯ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬಂದಿದ್ದೆ. ಭಾನುವಾರ ಕಮಿಟಿಯ ಹಿರಿಯರೊಬ್ಬರು ಬಾಗಿಲಲ್ಲೇ ಹಿಡಿದರು.

“ಅಜ್ಜಿ, ನಿಮ್ಗ್ಯಾಕೆ ಈ ತಾಪತ್ರಯ? ಅದ್ಕಂತ್ಲೇ ಸಂಬಳ ಕೊಟ್ಟು ಒಬ್ರ ಮಡಿಕಂಡಿಲ್ವಾ? ಆರಾಮಾಗಿ ಕುಂತ್ಕಳಿ.”

ಎತ್ತು ಕಟ್ಟಿಕೊಂಡವರ ಹಾಗೆ ಹೇಳಿದರು. ಅಯ್ಯನವರು ಪಕ್ಕದಲ್ಲೇ ನಿಂತಿದ್ದರು, ನಕ್ಕರು. ಮೂವತ್ತು ದಾಟದ ಹುಡುಗ, ನೋಡಿಕೊಳ್ಳಲು ಐದು ಚರ್ಚಿನ ಸಭೆ, ಓಡಾಡಲು ಒಂದು ಸ್ಕೂಟರ್. ನನಗೆ ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ. ಮೊಳಕಾಲು ನೋಯುತ್ತಿತ್ತು. ಕೂತುಕೊಂಡೆ.

ಫೋನಿನಲ್ಲಿ ಒಂದನ್ನು ಒತ್ತಿ ಹಿಡಿದರೆ ಮಗಳು, ಎರಡನ್ನು ಒತ್ತಿ ಹಿಡಿದರೆ ಅಯ್ಯನವರು ಸಿಗುವ ಹಾಗೆ ಮೊಮ್ಮಗಳು ಮಾಡಿಕೊಟ್ಟಳು. ಮಗುವಿಗೆ ಜ್ವರ ಬಂದರೆ ಎರಡು. ಕೆಟ್ಟ ಕನಸು ಬಿದ್ದರೆ ಎರಡು. ಪೇಟೆಯ ಬದುಕು ಕಲಿತುಬಿಟ್ಟೆ ಎಂದು ಹೆಮ್ಮೆಯಾಗಿತ್ತು.

ಕಳೆದ ತಿಂಗಳು ಆಸ್ಪತ್ರೆಯವರು ಸಾರಮ್ಮನ ಹೊಟ್ಟೆಯ ಗಡ್ಡೆಗೆ ಇನ್ನು ಔಷಧಿ ಇಲ್ಲ ಎಂದು ಮನೆಗೆ ಕಳಿಸಿದರು. ಭಾನುವಾರ ಅವಳ ಹೆಸರನ್ನು ಮೈಕಿನಲ್ಲಿ ಓದಿದರು, ಎಲ್ಲರೂ ಕಣ್ಣು ಮುಚ್ಚಿದೆವು. ಗುರುವಾರ ಮಧ್ಯಾಹ್ನ ಅವಳು ಗೋಡೆ ತಟ್ಟಿದಳು. ಹೋದೆ.

“ಚೇಚಿ, ಸ್ವಲ್ಪ ಕೂಟ್ಟಿರಿಕ್ಕಾಮೋ?” ಎಂದಳು. ಜೊತೆಗೆ ಕೂರುತ್ತೀಯಾ ಅಂತ.

“ಅಯ್ಯನೋರ್ಗೆ ಫೋನ್ ಮಾಡ್ತೀನಿ, ಬತ್ತರೆ ಬುಡು” ಎಂದೆ. ಮನೆಗೆ ಬಂದು ಎರಡನ್ನು ಒತ್ತಿದೆ.

ಅಯ್ಯನವರು ತೆರಕಣಾಂಬಿ ಕಡೆ ಒಬ್ಬರ ಮಣ್ಣಿಗೆ ಹೋಗಿದ್ದರು. “ಮುಗಿಸ್ಕಂಡು ಬತ್ತೀನಜ್ಜಿ. ಅಲ್ಲೀಗಂಟ ನೀವ್ ಹೋಗಿ ಕೂತಿರಿ. ನೀವಿದ್ರೆ ಸಾಕು.”

ಕಿವಿಗೆ ಸರಿಯಾಗಿ ಬಿತ್ತು. ಇವರ ಕೆಲಸವನ್ನು ನನ್ನ ತಲೆಗೆ ಕಟ್ಟುತ್ತಿದ್ದಾರಲ್ಲ ಎಂದುಕೊಂಡೆ. ಒಲೆಯ ಮೇಲೆ ಸಾರಿತ್ತು, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಾಗಿತ್ತು. ಸಾರಮ್ಮ ಇನ್ನೆರಡು ಸಲ ಗೋಡೆ ತಟ್ಟಿದಳು.

“ಬತ್ತಾವ್ರೆ ಕಣಮ್ಮಿ” ಎಂದು ಇದ್ದಲ್ಲಿಂದಲೇ ಕೂಗಿದೆ.

ಅಯ್ಯನವರು ಬಂದಾಗ ಇನ್ನೂ ಬೆಳಕಿತ್ತು. ಸಾರಮ್ಮನ ಕೈ ಗೋಡೆಗೆ ಆತುಕೊಂಡೇ ಇತ್ತು. ಜೀವ ಹೋಗಿ ಹೊತ್ತಾಗಿತ್ತು.

ಮರುದಿನ ಮಣ್ಣು ಮಾಡಿ ಕೈಕಾಲು ತೊಳೆಯುತ್ತಿದ್ದಾಗ ಅಯ್ಯನವರು ನನ್ನ ಮುಂದೆ ಫೋನ್ ಹಿಡಿದರು. “ಈ ವಾರ ಹನ್ನೊಂದು ಜನ ಫೋನ್ ಮಾಡಿ, ಸಾರಮ್ಮನ್ನ ನೋಡ್ಕಂಡು ಬನ್ನಿ ಅಂದ್ರು. ಹನ್ನೊಂದು ಜನ್ದಲ್ಲಿ ಒಬ್ರೂ ಹೋಗ್ನಿಲ್ವಾ ಅಜ್ಜಿ?”

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಬೈಯಲಿಲ್ಲ. ನಾನು ಕಾಲು ತೊಳೆಯುತ್ತಲೇ ಇದ್ದೆ. ಉತ್ತರ ಕೊಟ್ಟವರು ಕಮಿಟಿಯ ಹಿರಿಯರು. “ಇನ್ನೊಬ್ರು ಪಾಸ್ಟರ್ ಬೇಕು ಅಂತ ಮೇಲಕ್ಕೆ ಅರ್ಜಿ ಹಾಕನ ಬುಡಿ” ಎಂದರು. ಸುತ್ತ ನಿಂತವರು ತಲೆಯಾಡಿಸಿದರು.

ಊರಿಗೆ ಬಂದುಬಿಡು ಎಂದು ಉಡಿಗಾಲದವರು ಹೇಳಿ ಕಳಿಸುತ್ತಾರೆ. ಬರಲಾರೆ. ಮಕ್ಕಳಿದ್ದಾರೆ ಎನ್ನುವುದು ಒಂದು ಕಾರಣ. ಇನ್ನೊಂದು, ಅವರು ಕರೆಯುತ್ತಿರುವ ಹೆಂಗಸು ಮೊದಲ ವರ್ಷವೇ ಎಲ್ಲೋ ಕಳೆದುಹೋದಳು. ಇಲ್ಲಿಯವಳಾದೆನಾ ಎಂದರೆ ಆದೆ. ಗೋಡೆಯಾಚೆಯ ಸದ್ದು ಕೇಳಿಯೂ ಸಾರು ಕದಡುತ್ತಾ ನಿಲ್ಲುವಷ್ಟು ಇಲ್ಲಿಯವಳಾದೆ. ಅದಕ್ಕೇ ಈಗ ಇಲ್ಲಿ ನಿದ್ದೆ ಬರುವುದಿಲ್ಲ.

ಮಣ್ಣಾದ ಮಾರನೆಯ ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಕಳಿಸಿ ದಾವಿದಪ್ಪನ ಮನೆಗೆ ಹೋದೆ. ನಮ್ಮ ಸಭೆಯ ಮುದುಕ, ಉಬ್ಬಸ ಹತ್ತಿ ತಿಂಗಳುಗಟ್ಟಲೆಯಿಂದ ಮಲಗಿದ್ದಾನೆ. ನನ್ನ ಭುಜದಾಚೆ ಬಾಗಿಲನ್ನು ನೋಡಿದ.

“ಅಯ್ಯನೋರು ಬರ್ನಿಲ್ವಾ?”

“ಇಲ್ಲ. ನಾನೇ ಬಂದಿವ್ನಿ.”

“ಅವ್ರು ಬಂದಾಗ ಬನ್ನಿ” ಎಂದು ಮಗ್ಗುಲು ತಿರುಗಿ ಮಲಗಿದ.

ಸ್ಟೂಲು ಎಳೆದುಕೊಂಡು ಕೂತೆ. ಅವನ ಬೆನ್ನಿಗೇ ಪ್ರಾರ್ಥನೆ ಮಾಡಿದೆ. ಆಮೆನ್ ಅವನು ಅನ್ನಲಿಲ್ಲ. ನಾನೇ ಅಂದುಕೊಂಡು ಎದ್ದು ಬಂದೆ.