ಹೆಬ್ಬಾತುಗಳಿಗೆ ಎರಡು ಹೆಸರು

ಇಂಗ್ಲೆಂಡಿನ ನಮ್ಮ ನಾರ್ಫೋಕ್‌ನ ಜೌಗು ದಡದಲ್ಲಿ ಹಕ್ಕಿ ನೋಡುವವರಿಗೆಂದು ಒಂದು ಮರದ ಗುಡಿಸಲಿದೆ. ಅಲ್ಲಿರುವ ದಪ್ಪ ಪುಸ್ತಕದಲ್ಲಿ ಕಂಡ ಹಕ್ಕಿಗಳ ಲೆಕ್ಕವನ್ನು ಇಪ್ಪತ್ತೆರಡು ವರ್ಷ ಬರೆದವಳು ಡೋರ್ಕಸ್. ಶಾಲೆಯ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಆಲೂಗಡ್ಡೆ ಸುಲಿಯುವವಳು.

ಬರೀ ಎಣಿಕೆ ಬರೆದರೆ ನಮ್ಮವರು ಒಪ್ಪುವುದಿಲ್ಲ. ಹಿಂಡಿಗೆ ಅಜ್ಜಂದಿರು ಇಟ್ಟ ಹೆಸರೇ ಬೇಕು. ಕಾಗೆಗಳಾದರೆ ಒಂದು 'ಕೊಲೆ', ಗೂಬೆಗಳಾದರೆ ಒಂದು 'ಸಂಸತ್ತು'. ಹೆಬ್ಬಾತುಗಳು ನೆಲದಲ್ಲಿದ್ದರೆ 'ಗದ್ದಲ'. ಮೇಲೆದ್ದು ನೂಲಿನಂತೆ ಬಿಚ್ಚಿಕೊಂಡರೆ 'ಲಡಿ'. ಡೋರ್ಕಸ್ ಒಮ್ಮೆಯೂ ತಪ್ಪಿದವಳಲ್ಲ.

ಆಮೇಲೆ ಪಟ್ಟಣದಿಂದ ಇಮೊಜೆನ್ ಬಂದಳು. ಡೋರ್ಕಸ್‌ಗೆ ಬಿಡುವಿಲ್ಲದ ದಿನ ತಾನು ಬರೆಯುತ್ತ, ಹೊಸ ಹೆಸರುಗಳನ್ನೂ ಕಟ್ಟತೊಡಗಿದಳು. ಬಸ್ ನಿಲ್ದಾಣದ ಗುಬ್ಬಿಗಳಿಗೆ 'ಒಂದು ದೂರು' ಎಂದಳು. ಅಂಗಡಿಯಲ್ಲೆಲ್ಲ ಅದೇ ಮಾತು.

"ಗುಬ್ಬಿಗೆ ದೂರು ಕೊಡೋ ರೋಗ ಏನು ಬಂತೇ?" ಎಂದಳು ಡೋರ್ಕಸ್.

"ನಂಗಂತೂ ನಗು ಬಂತು," ಎಂದೆ.

"ನಗು, ನಗು. ನನ್ನ ಜೋಕಿಗೆ ಒಂದು ಸಲನಾದ್ರೂ ನಕ್ಕಿದ್ದೀಯಾ?"

"ನೀನು ಜೋಕು ಹೇಳಿದ್ದು ಯಾವಾಗ ಮಾರಾಯ್ತಿ?"

ಅಂದು ಆಲೂಗಡ್ಡೆ ಸುಲಿಯುವಾಗ ಅವಳ ಕೈಯಲ್ಲಿ ಸಿಪ್ಪೆಗಿಂತ ಹೆಚ್ಚು ಗಡ್ಡೆಯೇ ಹೋಯಿತು.

ಮುಂದೆ ಪುಸ್ತಕ ಯಾರ ಕೈಗೆ ಎಂದು ಹಕ್ಕಿ ಸಂಘದ ಫೆಬ್ರವರಿಯ ಸಭೆ ತೀರ್ಮಾನಿಸಬೇಕಿತ್ತು. ಅದಕ್ಕೆ ಒಂದು ವಾರ ಮೊದಲು, ಸಂಜೆ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುವಾಗ ಡೋರ್ಕಸ್ ಹೆಬ್ಬಾತುಗಳು ಸಮುದ್ರದ ಕಡೆ ಹಾರಿದ್ದನ್ನು ಕಂಡಳು. ಮರುದಿನ ನೋಡಿದರೆ ಇಮೊಜೆನ್‌ಳ ಮುದ್ದಾದ ಅಕ್ಷರ: 'ಒಂದು ಗದ್ದಲ, ನಾನೂರು.' ಡೋರ್ಕಸ್ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ 'ಲಡಿ' ಎಂದು ಬರೆದಳು. ಕೆಳಗೆ, 'ಹಾರುವುದಕ್ಕೂ ಕೂರುವುದಕ್ಕೂ ವ್ಯತ್ಯಾಸ ತಿಳಿಯದವರು ಪೆನ್ನು ಮುಟ್ಟಬಾರದು' ಎಂದೂ ಸೇರಿಸಿದಳು. ಆ ದಿನವೆಲ್ಲ ಹಾಡು ಗುನುಗುತ್ತಿದ್ದಳು.

ಮಾಂಸದ ಅಂಗಡಿಯ ಹೊರೇಸ್ ನಮ್ಮ ಹಕ್ಕಿ ಸಂಘದ ಅಧ್ಯಕ್ಷ. ಶಾಲೆಗೆ ಸಾಸೇಜು ತಂದವನು ಬಾಗಿಲಲ್ಲೇ ನಿಂತ.

"ಡೋರ್ಕಸ್, ಮೊನ್ನೆ ಮಧ್ಯಾಹ್ನ ಇಮೊಜೆನ್ ಬೀಟ್‌ರೂಟ್ ಹೊಲದಲ್ಲಿ ಹೊಟ್ಟೆ ಮೇಲೆ ಮಲಗಿದ್ಲು, ನಾನೇ ನೋಡ್ದೆ. ಕೊಯ್ದು ಬಿಟ್ಟ ಸೊಪ್ಪು ತಿನ್ನೋಕೆ ಹೆಬ್ಬಾತುಗಳೆಲ್ಲ ಇಳಿದಿದ್ವು. ಕೆಸರಲ್ಲಿ ಎರಡು ಗಂಟೆ ಎಣಿಸಿದ್ಲು."

ಪುಸ್ತಕದಲ್ಲಿ ಎಣಿಕೆಯ ಪಕ್ಕದಲ್ಲೇ 'ಮಧ್ಯಾಹ್ನ ಎರಡು' ಎಂದಿತ್ತು. ಹೊಟ್ಟೆಕಿಚ್ಚಿನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಸಭೆಯಲ್ಲಿ ಇಮೊಜೆನ್ ಕೆಂಪು ಶಾಯಿಯ ಸುದ್ದಿಯನ್ನೇ ಎತ್ತಲಿಲ್ಲ. ಎಲ್ಲರಿಗೂ ಚಹಾ ಬಗ್ಗಿಸಿ, ಡೋರ್ಕಸ್‌ಗೆ ಮಾತ್ರ ಕೇಳದೆಯೇ ಅವಳಿಗಿಷ್ಟದ ಎರಡು ಚಮಚ ಸಕ್ಕರೆ ಹಾಕಿದಳು. ಹೊರೇಸ್ ಮತಕ್ಕಾಗಿ ಕೈ ಎತ್ತಿಸುವ ಮೊದಲೇ ಡೋರ್ಕಸ್ ಎದ್ದಳು.

"ಆ ಗದ್ದಲ ಸರಿಯಾಗೇ ಇತ್ತು. ತಪ್ಪು ನಂದು. ಪುಸ್ತಕ ಅವಳಿಗೇ ಕೊಡಿ."

ಮನೆಗೆ ಹೋಗುವ ದಾರಿಯಲ್ಲಿ ಡೋರ್ಕಸ್‌ಳನ್ನು ಕೇಳಿದೆ: "ಈಗ ಸಮಾಧಾನವಾಯ್ತಾ?"

"ಎಲ್ಲಿಂದ ಬರ್ಬೇಕು? ಅವಳು ಎಲ್ಲರೆದುರು ಬೈದಿದ್ರೆ ನಾನೂ ನಾಲ್ಕು ಬೈದು ಪುಸ್ತಕ ಉಳಿಸ್ಕೋತಿದ್ದೆ. ಅಷ್ಟೊಂದು ಒಳ್ಳೆಯವಳಾಗಿರು ಅಂತ ಅವಳಿಗೆ ಯಾರು ಹೇಳಿದ್ದು?"