ನಿಂತ ರೈಲನ್ನು ನೋಡಲು ಭದ್ರಾವತಿಗೆ

ಶಿವಮೊಗ್ಗದ ನನ್ನ ಅಂಗಡಿಯಲ್ಲಿ ಹಳೇ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮಾರುತ್ತೇನೆ. ಭದ್ರಾವತಿಯ ನಿವೃತ್ತ ಗೂಡ್ಸ್ ರೈಲು ಡ್ರೈವರೊಬ್ಬರು ರೈಲು ಓಡಿಸುವ ಆಟಕ್ಕೆಂದೇ ಒಂದನ್ನು ಕೊಂಡರು. ಆಟ ವಿಂಡೋಸಿನದು. ಎರಡು ದಿನ ತಿಣುಕಿ ಲಿನಕ್ಸಿನಲ್ಲಿ ಓಡುವಂತೆ ಮಾಡಿದ್ದೆ. "ಕೆಟ್ಟು ನಿಂತರೆ ಕಂಪ್ಯೂಟರ್ ವಾಪಸ್ ತಗೊಳ್ತೀನಿ" ಅಂತ ಬಾಯಿಬಿಟ್ಟು ಹೇಳಿದ್ದೆ.

ಮೂರನೇ ದಿನವೇ ಅವರ ಹೆಂಡತಿ ಫೋನ್ ಮಾಡಿದರು. "ರೈಲು ಆಗಿಂದ ಅಲ್ಲಾಡ್ತಾನೇ ಇಲ್ಲ. ಬಂದು ನೋಡಿ."

ಮಾರಿದ ಮಾಲು ವಾಪಸ್ ಬಂತು ಅಂದುಕೊಂಡೇ ಸ್ಕೂಟರ್ ಹತ್ತಿದೆ. ಹೋಗಿ ನೋಡಿದರೆ ರೈಲು ನಿಂತೇ ಇತ್ತು, ಯಜಮಾನರು ಪರದೆಯಿಂದ ಕಣ್ಣು ಕೀಳದೆ ಕೂತಿದ್ದರು. ಆಟ ಬಂದ್ ಮಾಡೋಣವೆಂದು ಕೀಬೋರ್ಡಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದುಬಿಟ್ಟರು.

"ಏನ್ ಮಾಡ್ತಿದೀರಿ ಮಾರಾಯ್ರೆ? ಸಿಗ್ನಲ್ ಕೆಂಪಿದೆ."

"ಹಾಗಾದ್ರೆ ಹ್ಯಾಂಗ್ ಆಗಿಲ್ವಾ?"

"ಸಿಂಗಲ್ ಲೈನು. ಎದುರಿನ ಗಾಡಿ ಬರೋವರೆಗೂ ಕಾಯ್ಬೇಕು."

ಅಷ್ಟರಲ್ಲಿ ಎದುರಿನ ಗಾಡಿ ದಾಟಿತು, ದೀಪ ಹಸಿರಾಯಿತು, ನಮ್ಮ ರೈಲೂ ಹೊರಟಿತು. ನನಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಬಾಗಿಲವರೆಗೂ ಬಂದ ಅವರ ಹೆಂಡತಿ ಮೆಲ್ಲಗೆ ಕೇಳಿದರು, "ಕೆಡದೇ ಇದ್ರೆ ವಾಪಸ್ ತಗೊಳ್ಳಲ್ವಾ?"

ಕಾಫಿಗೂ ನಿಲ್ಲದೆ ಹೊರಟುಬಂದೆ.