ಇಲಿವಾರದ ಕಡುಬು

ನಾನು ಚಿಕ್ಕವನಿದ್ದಾಗ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳೆಲ್ಲ ಸುಮ್ಮನಾಗುವ ದಿನವೊಂದಿತ್ತು. ಗಣೇಶ ಚೌತಿಯ ಮರುದಿನ. ನೇಕಾರರಾದ ನಾವು ಅದನ್ನು ಇಲಿವಾರ ಎನ್ನುತ್ತಿದ್ದೆವು. ಅಂದು ಯಾರೂ ಕತ್ತರಿ ಹಿಡಿಯುವಂತಿಲ್ಲ, ನೂಲು ಮುಟ್ಟುವಂತಿಲ್ಲ. ಇಲಿಗೆ ಕಡುಬು ಇಟ್ಟು, “ನಮ್ಮ ಎಳಿ ಕಡಿಬ್ಯಾಡಪಾ” ಎಂದು ಕೈಮುಗಿಯಬೇಕು. ಅಂದು ಇಲಿಯನ್ನು ಹೊಡೆಯುವುದಂತೂ ದೂರದ ಮಾತು, ಗದರಿಸುವಂತೆಯೂ ಇಲ್ಲ.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ. ಹಸಿಮಣ್ಣಿನ ವಾಸನೆ, ನೂಲಿಗೆ ಹಚ್ಚಿದ ಗಂಜಿಯ ವಾಸನೆ ಅಲ್ಲಿ ಯಾವಾಗಲೂ ಇರುತ್ತಿತ್ತು. ವರ್ಷವಿಡೀ ಯಾರ್ಯಾರದೋ ಸೀರೆ ನೇಯ್ದ ಅಪ್ಪ, ಆ ಸಲ ನಮ್ಮ ಅಕ್ಕನ ಮದುವೆಗೆಂದು ಕುಂಕುಮದ ಬಣ್ಣದ ರೇಷ್ಮೆ ಸೀರೆಯನ್ನು ಮಗ್ಗಕ್ಕೆ ಹೂಡಿದ್ದ. ಅರ್ಧ ನೇಯ್ದಾಗಿತ್ತು. ಇನ್ನೊಂದು ಸೀರೆಗೆ ರೇಷ್ಮೆ ಸಿಗುವಂತಿರಲಿಲ್ಲ.

ಅವ್ವ ಕಡುಬನ್ನು ಮಗ್ಗದಿಂದ ದೂರ, ಒಲೆಯ ಮೂಲೆಯ ಬಿಲದ ಮುಂದೆ ಇಟ್ಟಳು. ನನಗದು ಸರಿಕಾಣಲಿಲ್ಲ. ಅಕ್ಕನ ಸೀರೆಯ ಮೇಲೆಯೇ ಉಂಡರೆ ಇಲಿ ಆ ಸೀರೆಯನ್ನು ಹೇಗೆ ಕಡಿದೀತು? ನನ್ನ ಪಾಲಿನ ಕಡುಬನ್ನು ಮಗ್ಗದಲ್ಲಿ ಬಿಗಿದಿದ್ದ ಎಳೆಗಳ ಮೇಲಿಟ್ಟು ಕೈಮುಗಿದೆ. ಬಿಸಿಬೆಲ್ಲ ಒಸರಿ ರೇಷ್ಮೆಗಿಳಿಯಿತು. ಆಮೇಲೆ ಎಲ್ಲರೂ ಓಣಿಯ ಗಣಪತಿ ನೋಡಲು ಹೋದೆವು.

ಮಧ್ಯಾಹ್ನ ಮರಳಿದಾಗ ಮೊದಲು ಒಳಗೆ ಹೋದವಳು ಅಕ್ಕ. ಅವಳ ಕೂಗಿಗೆ ಓಡಿಬಂದೆವು. ಅಂಗೈ ಅಗಲದಷ್ಟು ಎಳೆಗಳು ಕತ್ತರಿಸಿ ಜೋತುಬಿದ್ದಿದ್ದವು. ಎರಡು ಇಲಿ ಕುಣಿಯೊಳಗೆ ಜಿಗಿದವು. ಅಪ್ಪ ಬಾಗಿಲ ಹಿಂದಿನ ಬಡಿಗೆ ತೆಗೆದುಕೊಂಡ.

“ಏನ್ರಿ ಮಾಡಾಕತ್ತೀರಿ! ಇವತ್ತ ಇಲಿವಾರ ಐತ್ರಿ!” ಎಂದು ಅವ್ವ ತೋಳು ಹಿಡಿದಳು.

“ಅದು ಇಲಿಗೂ ಗೊತ್ತಿರಬೇಕಿತ್ತಲ್ಲ!” ಎಂದು ಕೊಡವಿಕೊಂಡು ಅಪ್ಪ ಕುಣಿಗೆ ಹಾರಿದ.

ಮೊದಲ ಏಟಿಗೇ ಒಂದರ ಬೆನ್ನು ಮುರಿಯಿತು. ಮುಂಗಾಲಿನಲ್ಲಿ ತೆವಳುತ್ತಿದ್ದ ಅದನ್ನು ಇನ್ನೆರಡು ಏಟು ಹಾಕಿ ಜಜ್ಜಿದ. ಇನ್ನೊಂದು ಧೋತರಕ್ಕೆ ಹತ್ತಿ ಅವನ ಹೆಬ್ಬೆರಳು ಕಚ್ಚಿತು. ಅದನ್ನು ಕಿತ್ತು ಗೋಡೆಗೆ ಅಪ್ಪಳಿಸಿದ. ಸುಣ್ಣದ ಮೇಲೆ ರಕ್ತ ಚಿಮ್ಮಿತು. ಆದರೂ ಸಿಟ್ಟು ಇಳಿಯಲಿಲ್ಲ. ಕುಣಿಯ ಗೋಡೆಯ ಬಿಲವನ್ನು ಬಡಿಗೆಯಿಂದ ಮೀಟಿ ಕೆಡವಿದ.

ಗೂಡು ಹೊರಬಿತ್ತು. ಅಪ್ಪ ನೇಯ್ದ ಸೀರೆಗಳೆಲ್ಲ ಅದರಲ್ಲಿದ್ದವು. ಹಸಿರು ಎಳೆ, ಹಳದಿ ಎಳೆ, ನೀಲಿ ಎಳೆ, ಮೇಲೆ ಅಕ್ಕನ ಕೆಂಪು. ನಡುವೆ ಕಣ್ಣು ಬಿಡದ, ಕೂದಲಿಲ್ಲದ ಆರು ಮರಿಗಳು ಮಿಸುಕುತ್ತಿದ್ದವು. ಅಪ್ಪ ಬಡಿಗೆ ಎತ್ತಿದ.

ನಾನು ಕುಣಿಗೆ ಜಿಗಿದು ಗೂಡಿನ ಮೇಲೆ ಬಿದ್ದೆ. “ಹೊಡಿಬ್ಯಾಡಪಾ! ಅಲ್ಲೆ ಕಡುಬು ಇಟ್ಟಾಂವ ನಾನ!”

ಇಳಿಯುತ್ತಿದ್ದ ಬಡಿಗೆ ನಿಲ್ಲಲಿಲ್ಲ. ನನ್ನ ಎಡಗೈಯ ಕಿರುಬೆರಳು ಲಟಕ್ಕೆಂದಿತು.

ಅಪ್ಪನ ಕೈಯಿಂದ ಬಡಿಗೆ ಜಾರಿತು. “ಲೇ, ಹುಚ್ಚಪ್ಪಾ… ಮೊದಲ ಹೇಳಬಾರದೇನಲೇ?” ಎಂದು ನನ್ನನ್ನು ಎದೆಗೆ ಒತ್ತಿಕೊಂಡ. ಇಲಿ ಕಚ್ಚಿದ ಅವನ ಬೆರಳಿನ ರಕ್ತ ನನ್ನ ಅಂಗಿಗೆ ಹತ್ತಿತು.

ಅಕ್ಕ ಮರಿಗಳಿಗೆ ಹತ್ತಿಯ ಬತ್ತಿಯಿಂದ ಹಾಲು ಹನಿಸಿದಳು. ಒಂದೂ ಉಳಿಯಲಿಲ್ಲ. ಮರುದಿನ ಅಪ್ಪ ಹೆಬ್ಬೆರಳಿಗೆ ಅರಿವೆ ಸುತ್ತಿಕೊಂಡು, ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಲು ಕುಳಿತ. ಮೂರು ದಿನ ಹಿಡಿಯಿತು. ಅಕ್ಕ ಮದುವೆಯಲ್ಲಿ ಅದೇ ಸೀರೆ ಉಟ್ಟು ಅಕ್ಕಿಕಾಳು ಹಾಕಿಸಿಕೊಂಡಳು.

ಮಕ್ಕಳೇ, ನಿಮ್ಮ ಮನೆಗೆ ಇಲಿ ಬಂದರೆ ಅಂಟಿನ ಹಲಗೆ ಇಟ್ಟು ಬಾಗಿಲು ಹಾಕಿಕೊಳ್ಳುತ್ತೀರಿ. ಬೆಳಿಗ್ಗೆ ಯಾರೋ ಅದನ್ನು ಮಡಚಿ ಎಸೆಯುತ್ತಾರೆ. ಅದರ ಮುಖವನ್ನು ನೀವು ನೋಡುವುದೇ ಇಲ್ಲ. ನಾವು ಮುಖ ನೋಡಿ ಕೈಮುಗಿಯುತ್ತಿದ್ದೆವು, ಮುಖ ನೋಡಿಯೇ ಹೊಡೆಯುತ್ತಿದ್ದೆವು. ಯಾವುದು ಮೇಲೋ ನನಗೆ ತಿಳಿಯದು.

ನೀವು ಹೊದ್ದು ಮಲಗುವ ಕೌದಿಯಲ್ಲಿ ಒಂದು ಕೆಂಪು ರೇಷ್ಮೆಯ ತುಂಡು ಇದೆಯಲ್ಲ, ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ. ಸಾಸಿವೆ ಕಾಳಿನಂಥ ಗಂಟುಗಳು ತಾಗುತ್ತವೆ. ನನ್ನ ಸೊಟ್ಟ ಕಿರುಬೆರಳು ಕಣ್ಣು ಮುಚ್ಚಿದರೂ ಅವನ್ನು ಹುಡುಕಿಬಿಡುತ್ತದೆ.